ನೀರು ಮೊದಲೋ, ಆಮೇಲೋ

ನಮ್ಮ ಮಾವ ಸುಬ್ಬಯ್ಯನವರು ತೀರಿಕೊಂಡ ಹನ್ನೊಂದನೇ ದಿನ ಮಧ್ಯಾಹ್ನ ಊರಿನ ಕಾಗೆಗಳೆಲ್ಲ ಎಲ್ಲಿ ಹೋಗಿ ಕೂತಿದ್ದವೋ ಗೊತ್ತಿಲ್ಲ. ಬೇರೆ ದಿನ ಆ ಮನೆಯ ಅಂಗಳದಲ್ಲಿ ಹಪ್ಪಳ ಒಣಹಾಕಿದರೆ ಕೋಲು ಹಿಡಿದುಕೊಂಡು ಕಾಯಬೇಕು. ನಮ್ಮ ಅತ್ತೆ ಗಿರಿಯಮ್ಮನವರ ಕೈಯಿಂದಲೇ ದೋಸೆ ಕಿತ್ತುಕೊಂಡು ಹಾರಿದ ಕಾಗೆಯ ಕಥೆಯನ್ನು ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಅವತ್ತು ಮಾತ್ರ ಕಾಂಪೌಂಡ್ ಗೋಡೆಯ ಮೇಲೆ ಬಾಳೆಎಲೆ ಹಾಸಿ, ಕಡುಬು, ವಡೆ, ಪಾಯಸ, ಮಾವನಿಗೆ ಇಷ್ಟವೆಂದು ಒಂದು ಲೋಟ ಕಾಫಿ, ಒಂದು ಕಟ್ಟು ಬೀಡಿ ಎಲ್ಲವನ್ನೂ ಇಟ್ಟು, ದೂರ ಸರಿದು ನಿಂತು ನೋಡಿದರೆ ಆಕಾಶ ಖಾಲಿ.

ಎಡೆಯನ್ನು ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಮನೆಯವರು ಉಣ್ಣದೆ ಬಂದವರೂ ಉಣ್ಣುವಂತಿಲ್ಲ. ಕಾಗೆ ಬರಲಿಲ್ಲವೆಂದರೆ ಸತ್ತವರಿಗೆ ಏನೋ ಆಸೆ ಉಳಿದುಹೋಗಿದೆ ಎಂದು ಅರ್ಥ. ನಾನು ನರಸಿಂಹರಾಜಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು, ಒಂದು ಗಂಟೆಗೆ ಸರಿಯಾಗಿ ಊಟಕ್ಕೆ ಕೂರುವವನು. ಹಸಿವಾದರೆ ನನಗೆ ಕಂಡಕಂಡವರ ಮೇಲೆಲ್ಲ ಸಿಟ್ಟು ಬರುತ್ತದೆ. ಆದರೆ ಮಾವನ ತಿಥಿಯಲ್ಲಿ ಅಳಿಯ ಹಸಿವು ಎನ್ನಲಾದೀತೆ? ಹೆಂಡತಿ ಭವ್ಯಳ ಮುಖ ನೋಡಿದೆ. ನನ್ನ ಹೊಟ್ಟೆಯ ಸಂಗತಿ ಚೆನ್ನಾಗಿ ಗೊತ್ತಿದ್ದ ಅವಳು ಬೇಕೆಂದೇ ಬೇರೆ ಕಡೆ ತಿರುಗಿದಳು.

ಕಾಗೆ ಬಾರದಿದ್ದರೇನಂತೆ, ಕಾರಣಗಳಿಗೇನೂ ಬರವಿರಲಿಲ್ಲ. ಊರಿನ ಹಿರಿಯರಾದ ಬೈರಪ್ಪನವರು ಶಾಮಿಯಾನದ ಕೆಳಗೆ ಕುರ್ಚಿ ಎಳೆದುಕೊಂಡು, "ಇದೆಲ್ಲ ಆ ಮೊಬೈಲ್ ಟವರಿಂದು ಮಾರಾಯ. ಜಯಪುರದಾಗೆ ಅದು ನಿಂತಿದ್ದೇ ನಿಂತಿದ್ದು, ಹಕ್ಕಿಗಳಿಗೆಲ್ಲ ತಲೆ ಕೆಟ್ಟಿದೆ" ಎಂದರು. ಪಕ್ಕದ ಮನೆಯ ಶೇಷಮ್ಮ ಅದನ್ನು ಒಪ್ಪಲಿಲ್ಲ. "ಟವರೂ ಇಲ್ಲ, ಎಂತದೂ ಇಲ್ಲ. ಕಡುಬಿನ ಹಿಟ್ಟಿಗೆ ಉಪ್ಪು ಹಾಕ್ಬೇಡಿ ಅಂದೆ, ಹಾಕಿದ್ರಿ. ಕಡುಬಿಗೆ ಯಾರಾದ್ರೂ ಉಪ್ಪು ಹಾಕ್ತಾರಾ? ಕಾಗೆಗೂ ಒಂದು ನಾಲಿಗೆ ಇರ್ತದೆ" ಎಂದು ಅವರ ವಾದ. ಮುಟ್ಟಿಯೇ ನೋಡದ ಕಡುಬಿನ ಉಪ್ಪು ಕಾಗೆಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಬೇಕೆಂದಿದ್ದೆ. ಕೇಳಿದ್ದರೆ ಶೇಷಮ್ಮ ಸಂಜೆಯವರೆಗೂ ಬಿಡುತ್ತಿರಲಿಲ್ಲ.

ಬೈರಪ್ಪನವರ ಸಲಹೆಯಂತೆ ಮಾವನ ಮಗ ಪ್ರದೀಪ ಒದ್ದೆ ಪಂಚೆಯಲ್ಲಿ ಗೋಡೆಯ ಮುಂದೆ ಕೈಮುಗಿದು ನಿಂತು, "ಅಪ್ಪಾ, ಕೆಳಗಿನ ಗದ್ದೆ ಹಾಳು ಬಿಡೂದಿಲ್ಲ, ಭತ್ತ ಹಾಕೇ ಹಾಕ್ತೀನಿ" ಎಂದು ಮಾತು ಕೊಟ್ಟ. ಕಾಗೆ ಬರಲಿಲ್ಲ. ಭವ್ಯ ತಿಂಗಳಿಗೊಮ್ಮೆ ಬಂದು ಅಮ್ಮನನ್ನು ನೋಡಿಕೊಂಡು ಹೋಗುತ್ತೇನೆಂದಳು. ಎಲ್ಲರೂ ನನ್ನ ಕಡೆ ನೋಡಿದಾಗ ನಾನೂ ಬಾಯಿಗೆ ಬಂದದ್ದು ಹೇಳಿಬಿಟ್ಟೆ, "ಮಾವ, ನಿಮ್ಮ ಸ್ಕೂಟರ್ ನಾನೇ ರಿಪೇರಿ ಮಾಡಿಸ್ತೀನಿ." ಅದಕ್ಕೂ ಬರಲಿಲ್ಲ. ಆ ಸ್ಕೂಟರನ್ನು ಯಾರೂ ರಿಪೇರಿ ಮಾಡಲಾರರು ಎಂದು ಮಾವನಿಗೆ ಗೊತ್ತಿತ್ತು.

ಅತ್ತೆ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದರು. ಇಷ್ಟು ದಿನದಿಂದ ಅವರು ಸರಿಯಾಗಿ ಉಂಡಿರಲಿಲ್ಲ, ಮಾತೂ ಆಡಿರಲಿಲ್ಲ. ನಮಗೆಲ್ಲ ಕಾಗೆ ಬಾರದಿದ್ದುದು ಊಟದ ಪ್ರಶ್ನೆಯಾದರೆ, ಅವರಿಗೆ ಗಂಡ ನೆಮ್ಮದಿಯಾಗಿ ಹೋದರೋ ಇಲ್ಲವೋ ಎಂಬ ಪ್ರಶ್ನೆಯಾಗಿತ್ತು. ಅವರ ಮುಖ ನೋಡಿ ನನ್ನ ಹಸಿವಿನ ಮೇಲೆ ನನಗೇ ನಾಚಿಕೆಯಾಯಿತು.

"ಅವ್ರಿಗೆ ಗದ್ದೆದೂ ಅಲ್ಲ, ಮಗಳದ್ದೂ ಅಲ್ಲ" ಎಂದರು ಅತ್ತೆ ಇದ್ದಕ್ಕಿದ್ದಂತೆ. "ತೀರ್ಕೊಳ್ಳೋ ಹಿಂದಿನ ದಿನ ಸಂಜೆ ಜಯಪುರದಿಂದ ಬಂದವ್ರು ಅಂಗಿ ಬಿಚ್ಚೋಕೆ ಮೊದ್ಲೇ ಹೇಳಿದ್ರು. ಕಲೀಮನ ಬಾಯಿ ಮುಚ್ಚಿಸೋ ಮಾತು ಸಿಕ್ಕಿದೆ ಕಣೇ, ನಾಳೆ ಹೋಗಿ ಹೇಳ್ತೀನಿ ಅಂತ. ಬೆಳಿಗ್ಗೆ ಏಳ್ಲೇ ಇಲ್ಲ."

ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಹಲಸಿನ ಮರದ ಕಡೆ ತಿರುಗಿದರು. ಮರದ ಬುಡದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಕಲೀಮುಲ್ಲಾ ಸಾಹೇಬರು ಕೂತಿದ್ದರು. ಜಯಪುರ ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಸಣ್ಣ ಹೋಟೆಲು. ಅವತ್ತು ಅದಕ್ಕೆ ಬೀಗ ಹಾಕಿ ಬೆಳಿಗ್ಗೆಯೇ ಬಂದಿದ್ದರು.

ಇವರಿಬ್ಬರ ಜಗಳದ ವಿಷಯ ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಮಾವನ ಮನೆಯಲ್ಲಿ ಸ್ವಂತ ತೋಟದ ಕಾಫಿ, ಅತ್ತೆಯ ಕೈಯ ಕಾಫಿ. ಅದನ್ನು ಬಿಟ್ಟು ಮಾವ ದಿನಾ ಬಸ್ಸು ಹತ್ತಿ ಜಯಪುರಕ್ಕೆ ಹೋಗಿ ಕಲೀಮುಲ್ಲಾರ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಕುಡಿದ ಮೇಲೆ ನೀರು ಬೇಕು ಅವರಿಗೆ. ಕಾಫಿ ಆದಮೇಲೆ ನೀರು ಕುಡಿಯದಿದ್ದರೆ ಹಲ್ಲು ಹಾಳು, ಹೊಟ್ಟೆ ಹಾಳು ಎಂಬುದು ಅವರ ಸಿದ್ಧಾಂತ. ಕಲೀಮುಲ್ಲಾರ ಪ್ರಕಾರ ನೀರು ಕುಡಿಯಬೇಕಾದ್ದು ಕಾಫಿಗೆ ಮೊದಲು. ಆಮೇಲೆ ಕುಡಿಯುವುದು ಕಾಫಿಗೂ ಮಾಡಿದವನಿಗೂ ಅವಮಾನ. ಬರೀ ಅಭಿಪ್ರಾಯವಾಗಿದ್ದರೆ ಸರಿ, ಇವರು ಅದನ್ನು ಕಾನೂನು ಮಾಡಿದ್ದರು. ಲೋಟ ಕೈಗೆ ಕೊಟ್ಟ ತಕ್ಷಣ ಮೇಜಿನ ಮೇಲಿನ ನೀರಿನ ಜಗ್ ಎತ್ತಿ ಒಳಗಿಟ್ಟುಬಿಡುತ್ತಿದ್ದರು. ಮಾವ ಅದಕ್ಕೆಂದೇ ಮನೆಯಿಂದ ಬಾಟಲಿಯಲ್ಲಿ ನೀರು ಒಯ್ಯಲು ಶುರುಮಾಡಿದರು. ಕಾಫಿ ಮುಗಿಸಿ, ಎಲ್ಲರಿಗೂ ಕಾಣುವ ಹಾಗೆ ಮುಚ್ಚಳ ತಿರುಗಿಸಿ, ತಲೆ ಎತ್ತಿ ಗಟಗಟನೆ ಕುಡಿಯುವರು. ಅಲ್ಲಿಂದ ಜಗಳ ಶುರುವಾದರೆ ವಾಪಸ್ ಬರುವ ಬಸ್ಸು ಹಾರ್ನ್ ಹೊಡೆಯುವವರೆಗೆ.

ಒಮ್ಮೆ ಕೊಪ್ಪದ ಹಲ್ಲಿನ ಡಾಕ್ಟರೊಬ್ಬರನ್ನು ಇಬ್ಬರೂ ಸೇರಿ ಹೋಗಿ ಕೇಳಿದರು. ಯಾವಾಗ ಕುಡಿದರೂ ನಡೆಯುತ್ತದೆ ಎಂದರಂತೆ ಡಾಕ್ಟರು. ಇಬ್ಬರೂ ತಾವೇ ಗೆದ್ದೆವೆಂದು ಹೇಳಿಕೊಂಡು ತಿರುಗಿದರು. ಇನ್ನೊಮ್ಮೆ ಮಾವ ಸಿಟ್ಟು ಮಾಡಿಕೊಂಡು ಎದುರಿನ ಹೋಟೆಲಿಗೆ ಹೋದರು. ವಾರ ತುಂಬುವುದರೊಳಗೆ ಹಿಂದೆ ಬಂದರು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಅಲ್ಲಿ ನೀರು ಕೇಳಿದ ಕೂಡ್ಲೇ ಕೊಡ್ತಾರೆ ಮಾರಾಯ. ಎಂಥಾ ಹೋಟ್ಲು ಅದು!" ಎಂದಿದ್ದರು. ನನಗೆ ಈ ಮುದುಕರ ಸಹವಾಸವೇ ಬೇಡ ಅನ್ನಿಸಿತ್ತು.

ಈಗ ಅತ್ತೆ ಮೆಟ್ಟಿಲಿಂದ ಎದ್ದು ಕಲೀಮುಲ್ಲಾರ ಹತ್ತಿರ ಹೋದರು. "ಸಾಬ್ರೆ, ನಿಮ್ಮ ಹತ್ರ ಒಂದು ಮಾತು ಕೇಳ್ತೀನಿ. ನೀವು ಹೇಳಿದ್ದೇ ಸರಿ ಇರ್ಬಹುದು. ಆದ್ರೂ ಸೋತೆ ಅಂತ ಒಂದ್ಸಲ ಹೇಳ್ಬಿಡಿ. ಅವ್ರು ಅದನ್ನೇ ಹಿಡ್ಕೊಂಡು ಕೂತಿದ್ದಾರೆ."

ಕಲೀಮುಲ್ಲಾ ಎದ್ದು ನಿಂತರು. "ಗಿರಿಯಮ್ಮೋರೆ, ನಮ್ಮಲ್ಲಿ ಕಾಗೆಗೆ ಹೇಳೋದೆಲ್ಲ ಇಲ್ಲ" ಎಂದರು ಮೆಲ್ಲಗೆ.

"ಕಾಗೆಗೆ ಬೇಡ. ನಿಮ್ಮ ಸುಬ್ಬಯ್ಯಂಗೆ ಹೇಳಿ."

ಆ ಮನುಷ್ಯನ ಸಂಕಟ ನೋಡಬೇಕಿತ್ತು. ಬೇರೇನು ಕೇಳಿದ್ದರೂ ಕೊಡುತ್ತಿದ್ದರು. ಮಾವ ತೀರಿಕೊಂಡ ದಿನ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹೋದವರು ಅವರೇ. ಆದರೆ ಸೋತೆ ಎನ್ನುವ ಮಾತು ಅವರ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಅತ್ತೆಯ ಮುಖವನ್ನೊಮ್ಮೆ ನೋಡಿ, ಗೋಡೆಯ ಹತ್ತಿರ ಹೋಗಿ ನಿಂತರು.

"ಸುಬ್ಬಯ್ಯ, ಆಯ್ತು ಮಾರಾಯ. ಕಾಫಿ ಕುಡಿದ್ಮೇಲೇ ನೀರು. ನೀ ಹೇಳಿದ್ದೇ ಸರಿ. ನಾನು ಸೋತೆ."

ಎಲ್ಲರೂ ಮೇಲೆ ನೋಡಿದೆವು. ಒಂದು ಗಿಳಿ ಹಾರಿಹೋಯಿತು, ಅಷ್ಟೇ. ಕಲೀಮುಲ್ಲಾ ಇನ್ನೊಮ್ಮೆ, ಈ ಸಲ ಸ್ವಲ್ಪ ಗಟ್ಟಿಯಾಗಿ, "ಸೋತೆ ಅಂದೆನಲ್ಲ" ಎಂದರು. ಪಾಯಸದ ಮೇಲೆ ಒಂದು ನೊಣ ಕೂತಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅಳತೊಡಗಿದರು. ಎಡೆಯನ್ನು ಇನ್ನು ನೀರಿನಲ್ಲಿ ಬಿಟ್ಟುಬಿಡೋಣ ಎಂದು ಬೈರಪ್ಪನವರು ಪಿಸುಗುಟ್ಟಿದರು.

ಅತ್ತೆ ಅಳುವುದನ್ನು ಕಂಡದ್ದೇ ತಡ, ಕಲೀಮುಲ್ಲಾರಿಗೆ ಎಲ್ಲಿತ್ತೋ ಸಿಟ್ಟು ಬಂದುಬಿಟ್ಟಿತು.

"ಅಲ್ಲ ಸುಬ್ಬಯ್ಯ, ಇನ್ನೆಂತ ಬೇಕು ನಿಂಗೆ? ಇಷ್ಟು ಜನರ ಎದುರು ಸೋತೆ ಅಂದೆ, ಅದೂ ಸಾಲ್ದಾ? ಕೇಳು ಹಾಗಾದ್ರೆ. ನಾನು ಹೇಳಿದ್ದು ಸುಳ್ಳು! ಗಿರಿಯಮ್ಮೋರ ಮುಖ ನೋಡಿ ಹೇಳಿದ್ದು, ನಿನ್ನ ಮುಖ ನೋಡಿ ಅಲ್ಲ. ಕಾಫಿ ಕುಡಿದು ಮೇಲೆ ನೀರು ಹೊಯ್ಕೊಳ್ಳೋದಾದ್ರೆ ಕಾಫಿ ಯಾಕೆ ಕುಡೀಬೇಕು? ಹೊಟ್ಟೆ ಒಳಗೆ ಪಾತ್ರೆ ತೊಳೀತೀಯಾ? ಕತ್ಲೆಯಲ್ಲಿ ಎದ್ದು ಡಿಕಾಕ್ಷನ್ ಇಳಿಸಿ, ಹಾಲು ಕಾಯ್ಸಿ ಕೊಡೋದು ಎಂತಕ್ಕೆ? ಮನೆ ಮುಟ್ಟೋವರೆಗೆ ಆ ರುಚಿ ನಿನ್ನ ಬಾಯಲ್ಲಿ ಇರ್ಲಿ ಅಂತ. ನೀನು ಎಂತ ಮಾಡ್ತಿದ್ದೆ? ಬಾಟ್ಲಿ ತೆಗ್ದು ಗಟಗಟ! ನನ್ನ ಗಿರಾಕಿಗಳೆಲ್ಲ ನೋಡ್ತಿರ್ಬೇಕಾದ್ರೆ!"

"ಕಾ" ಎಂದಿತು ಹಲಸಿನ ಮರದ ಮೇಲಿಂದ.

"ಸುಮ್ನಿರು, ನಂದಿನ್ನೂ ಮುಗ್ದಿಲ್ಲ" ಎಂದು ಕಲೀಮುಲ್ಲಾ ಅತ್ತ ನೋಡದೆಯೇ ಗದರಿದರು. ಆಮೇಲೆ ತಾವು ಯಾರಿಗೆ ಹೇಳಿದೆವೆಂದು ಹೊಳೆದು ಬಾಯಿ ಕಟ್ಟಿತು. ಅವರ ಬಾಯಿ ನಿಂತದ್ದೇ, ಗೋಡೆಯ ಕಡೆ ಇಳಿಯುತ್ತಿದ್ದ ಕಾಗೆ ತಿರುಗಿ ಹೋಗಿ ಕೊಂಬೆಯ ಮೇಲೆ ಕೂತಿತು.

"ನಿಲ್ಲಿಸ್ಬೇಡಿ ಸಾಬ್ರೆ, ನಿಲ್ಲಿಸ್ಬೇಡಿ!" ಎಂದು ಬೈರಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. "ಬೈಯ್ರಿ! ಇನ್ನೂ ಸ್ವಲ್ಪ ಬೈಯ್ರಿ!"

ಕಲೀಮುಲ್ಲಾ ಬೈದರು. ಎದುರಿನ ಹೋಟೆಲಿಗೆ ಹೋದದ್ದನ್ನು ಹಿಡಿದು ಬೈದರು, ಡಾಕ್ಟರು ಹೇಳಿದ್ದನ್ನು ತಿರುಚಿ ಊರಿಗೆಲ್ಲ ಸಾರಿದ್ದಕ್ಕೆ ಬೈದರು, ಅರ್ಧ ಜಗಳದಲ್ಲಿ ಬಸ್ಸು ಬಂತೆಂದು ಎದ್ದು ಓಡುತ್ತಿದ್ದುದಕ್ಕೆ ಬೈದರು. ನಡುನಡುವೆ ಕಾಗೆ ಕಾ ಎನ್ನುವುದು, ಇವರು ಅದಕ್ಕೆ ಉತ್ತರ ಕೊಡುವುದು. ಬಸ್ಸಿನ ಮಾತಿಗೆ ಬಂದಾಗ ಅವರ ದನಿ ಒಡೆಯಿತು.

"ಬಾಯಿ ಮುಚ್ಚಿಸೋ ಮಾತು ಸಿಕ್ಕಿತ್ತು ಅಂತೀಯಲ್ಲ, ಬಂದು ಹೇಳಿ ಹೋಗೋಕೆ ಆಗ್ಲಿಲ್ವಾ ನಿಂಗೆ? ಬೆಳಿಗ್ಗೆ ಎದ್ದು ಬಾಗ್ಲು ತೆಗೆದ್ರೆ ಎದುರು ಬೆಂಚು ಖಾಲಿ. ಜಗ್ ಎತ್ತಿ ಒಳಗಿಡೋಕೂ ಮನಸ್ಸು ಬರೋದಿಲ್ಲ. ಯಾರ ಹತ್ರ ಜಗಳ ಆಡ್ಲಿ ಮಾರಾಯ ನಾನು?"

ಕಾಗೆ ಗೋಡೆಯ ಮೇಲೆ ಇಳಿಯಿತು. ಎರಡು ಹೆಜ್ಜೆ ಕುಪ್ಪಳಿಸಿ, ತಲೆ ಓರೆ ಮಾಡಿ ಕಲೀಮುಲ್ಲಾರನ್ನು ನೋಡಿತು. ವಡೆಯೊಂದನ್ನು ಕಚ್ಚಿಕೊಂಡು ಹಾರಿತು. ಅದರ ಹಿಂದೆಯೇ ಇಷ್ಟು ಹೊತ್ತು ಎಲ್ಲಿದ್ದವೋ ಏನೋ, ಊರಿನ ಕಾಗೆಗಳೆಲ್ಲ ಎಲೆಯ ಮೇಲೆ ಮುಗಿಬಿದ್ದವು. ಕಾಫಿ ಲೋಟ ಉರುಳಿತು. ಶೇಷಮ್ಮನ ಎದುರೇ, ಉಪ್ಪು ಹಾಕಿದ ಕಡುಬುಗಳು ಒಂದೂ ಉಳಿಯದೆ ಖಾಲಿಯಾದವು.

ನಾನು ಆವತ್ತು ಎಷ್ಟು ಕಡುಬು ತಿಂದೆ ಎಂದು ಭವ್ಯ ಇಂದಿಗೂ ಜನರೆದುರು ಹೇಳುತ್ತಾಳೆ. ಹೇಳಲಿ. ಕಲೀಮುಲ್ಲಾ ಮಾತ್ರ ಊಟದುದ್ದಕ್ಕೂ ತಲೆ ಎತ್ತಲಿಲ್ಲ. ಬೈರಪ್ಪನವರು ಎಷ್ಟು ಹೊಗಳಿದರೂ ಬರೀ ಹೂಂ ಎಂದರು. ಕೈ ತೊಳೆದವರೇ ಹೊರಡಲು ಚಪ್ಪಲಿ ಮೆಟ್ಟಿಕೊಂಡಾಗ ಅತ್ತೆ ಒಳಗಿಂದ ಕಾಫಿ ತಂದರು. ಪಕ್ಕದಲ್ಲಿ ಒಂದು ಲೋಟ ನೀರೂ ಇತ್ತು. ಕಲೀಮುಲ್ಲಾ ಜಗಲಿಯ ಮೇಲೆ ಕೂತು ಎರಡು ಲೋಟಗಳನ್ನೂ ಸುಮ್ಮನೆ ನೋಡಿದರು. ಯಾವುದನ್ನು ಮೊದಲು ಎತ್ತಿದರೂ ಕೇಳುವವರಿಲ್ಲವಲ್ಲ ಎಂಬುದು ಅವರ ಮುಖದಲ್ಲೇ ಬರೆದಿತ್ತು.

"ಎಂತ ನೋಡ್ತೀರಿ?" ಎಂದರು ಅತ್ತೆ. "ನಂಗೆ ಕೇಳಿದ್ರೆ ಇಬ್ರೂ ಹೇಳಿದ್ದು ತಪ್ಪೇ."

ಕಲೀಮುಲ್ಲಾ ತಲೆ ಎತ್ತಿದರು.

"ಸರಿಯಾದ ಕಾಫಿಗೆ ನೀರು ಮೊದ್ಲೂ ಬೇಡ, ಆಮೇಲೂ ಬೇಡ. ನಿಮ್ಮ ಹೋಟ್ಲಲ್ಲಿ ಚಿಕೋರಿ ಸುರೀತೀರಿ, ಬಾಯಿ ಕಹಿ ಆಗ್ತದೆ, ಅದ್ಕೇ ನಿಮ್ಗೆಲ್ಲ ನೀರು ಬೇಕು. ಚಿಕೋರಿ ಹಾಕಿದ್ದು ಕಾಫಿಯೇ ಅಲ್ಲ."

ಮಾವ ಇದ್ದಷ್ಟು ಕಾಲ ಆ ಜಗಳಕ್ಕೆ ಒಂದು ಮಾತೂ ಸೇರಿಸದಿದ್ದ ಅತ್ತೆ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. ಅಂಗಳದಲ್ಲಿ ಎಲೆ ಎತ್ತುತ್ತಿದ್ದ ಪ್ರದೀಪ ಹಾಗೇ ನಿಂತುಬಿಟ್ಟ.

"ಚಿಕೋರಿ ಹಾಕಿದ್ದು ಕಾಫಿ ಅಲ್ವಾ?" ಕಲೀಮುಲ್ಲಾರ ಕಿವಿ ಕೆಂಪಾಯಿತು. "ಎಂಥಾ ಮಾತು ಹೇಳ್ತೀರಿ ಗಿರಿಯಮ್ಮೋರೆ! ಚಿಕೋರಿ ಇಲ್ದಿದ್ರೆ ಡಿಕಾಕ್ಷನ್‌ಗೆ ದಪ್ಪ ಮೈ ಎಲ್ಲಿಂದ ಬರ್ತದೆ?"

"ಮೈ ಬೇಕಾದ್ರೆ ಗಂಜಿ ಕುಡೀರಿ."

ರಸ್ತೆಯಲ್ಲಿ ಜಯಪುರದ ಬಸ್ಸು ಹಾರ್ನ್ ಹೊಡೆಯಿತು. ಹೋಗಿ ಕೈ ಅಡ್ಡ ಹಿಡಿಯಲೇ ಎಂದು ನಾನು ಕೇಳಿದೆ. ಕಲೀಮುಲ್ಲಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಕಳಚಿ, ಜಗಲಿಯ ಮೇಲೆ ಕಾಲು ಮಡಚಿ ಸರಿಯಾಗಿ ಕೂತುಕೊಂಡರು.