ಮನೆ ನೋಡಲು ಬಂದವನು

"ಮನೆ ನೋಡೋಕೆ ಬಂದ್ರಾ?" ಎಂದು ಬಾಗಿಲು ತೆರೆದಾಕೆ ಕೇಳಿದಾಗ ಅವನು ಹೂಂ ಎಂದುಬಿಟ್ಟ.

ನಾನು ಈ ಮನೆಯ ಮಾಲೀಕ ಎನ್ನುವ ಮಾತನ್ನು ಬಸ್ಸಿನುದ್ದಕ್ಕೂ ಬಾಯಲ್ಲಿ ಹೊರಳಿಸಿಕೊಂಡು ಬಂದಿದ್ದ. ಬಾಗಿಲ ಬಳಿ ಅದು ಕೈಕೊಟ್ಟಿತು. ಬಾಡಿಗೆಗೆ ಮನೆ ಹುಡುಕುತ್ತ ಬರುವವರಲ್ಲಿ ಇವನೂ ಒಬ್ಬ ಎಂದುಕೊಂಡು ಆಕೆ ಪಕ್ಕಕ್ಕೆ ಸರಿದಳು. ತಿದ್ದುವುದಕ್ಕೆ ಒಂದು ಗಳಿಗೆ ಇತ್ತು. ಬೂಟಿನ ಲೇಸು ಬಿಚ್ಚುವುದರಲ್ಲಿ ಅದೂ ಹೋಯಿತು.

"ಬನ್ನಿ. ಮುಚ್ಚಿಡೋದೇನಿದೆ, ಎಲ್ಲ ನೋಡಿ."

ಅವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವ. ಹೆಂಡತಿಯ ಅಣ್ಣ ಒಂದು ಭಾನುವಾರ ಅವನನ್ನು ತರಬೇತಿಯೊಂದಕ್ಕೆ ಎಳೆದುಕೊಂಡು ಹೋಗಿದ್ದ. ಬಾಡಿಗೆ ಮನೆಗಳ ಮೇಲೆ ಹಣ ಹೂಡುವುದು ಹೇಗೆ ಎಂದು ಕೋಟು ತೊಟ್ಟವನೊಬ್ಬ ಮೈಕು ಹಿಡಿದು ವೇದಿಕೆಯ ತುಂಬ ಓಡಾಡಿದ. "ಮನೆ ನೋಡ್ಬೇಡಿ, ಲೆಕ್ಕ ನೋಡಿ. ಮನೆ ನೋಡಿದವನು ಮನಸ್ಸಿಡ್ತಾನೆ. ಮನಸ್ಸಿಟ್ಟವನು ಮುಳುಗ್ತಾನೆ." ಬಂದವರೆಲ್ಲ ನಕ್ಕು ಊಟಕ್ಕೆ ಎದ್ದರು. ಇವನೊಬ್ಬ ಬರೆದುಕೊಂಡ. ಓದಿದವರ ಹಣೆಬರಹವೇ ಅಷ್ಟು, ಹೇಳಿದ್ದನ್ನು ನಂಬಿಬಿಡುತ್ತಾರೆ.

ಹಾಗಾಗಿ ಮೂರನೇ ಮಹಡಿಯ ಈ ಮನೆಯನ್ನು ಕೊಳ್ಳುವಾಗ ಒಳಗೆ ಕಾಲಿಟ್ಟಿರಲಿಲ್ಲ. ಬಾಡಿಗೆಯವರಿದ್ದಾರೆ, ಅವರಿಗ್ಯಾಕೆ ತೊಂದರೆ ಎಂದು ಬ್ರೋಕರು ಕೆಳಗಿನ ಮಹಡಿಯಲ್ಲಿದ್ದ ಅದೇ ಅಳತೆಯ ಇನ್ನೊಂದು ಮನೆ ತೋರಿಸಿದ. ಅವನಿಗೆ ಅದೇ ಸಾಕಾಯಿತು. ಇಂಥ ಜಾಣತನದಲ್ಲಿ ಅವನು ಎತ್ತಿದ ಕೈ.

ಈಗ ಬರುವ ಬಾಡಿಗೆ ಬ್ಯಾಂಕಿನ ಕಂತಿನ ಅರ್ಧಕ್ಕೂ ಸಾಲುತ್ತಿರಲಿಲ್ಲ. ಇದು ಕಾಗದದ ಮೇಲೆ ಮೊದಲೇ ಗೊತ್ತಿದ್ದ ಸಂಗತಿ. ಸಂಬಳಕ್ಕೆ ಕೈ ಹಾಕತೊಡಗಿದ ಮೇಲೆ ಹೊಟ್ಟೆಗೂ ಗೊತ್ತಾಯಿತು. ಇವರನ್ನು ಎಬ್ಬಿಸಿ ಹೆಚ್ಚು ಕೊಡುವವರನ್ನು ತರೋಣ ಎಂದ ಬ್ರೋಕರು, ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಇವರಿಗೆ ಹೇಳಿಯೂ ಬಂದಿದ್ದ. ಹೋಗುವವರೇ ಬರುವವರಿಗೆ ಮನೆ ತೋರಿಸುವುದು ವಾಡಿಕೆ, ಅದಕ್ಕೂ ಒಪ್ಪಿಸಿದ್ದ. ಅವರು ಇನ್ನೆರಡು ತಿಂಗಳು ಬಿಡಿ ಎಂದು ಬೇಡಿಕೊಂಡಿದ್ದರು. ಬಿಡುವುದೋ ಎಬ್ಬಿಸುವುದೋ, ಈ ಸಂಜೆ ಬ್ರೋಕರಿಗೆ ಮಾತು ಕೊಡಬೇಕು.

"ಯಾರನ್ನ ಎಬ್ಬಿಸ್ತಿದೀವಿ ಅಂತ ಮುಖ ಆದ್ರೂ ನೋಡ್ಕೊಂಡು ಬನ್ನಿ" ಎಂದಿದ್ದಳು ಹೆಂಡತಿ, ಬೆಳಿಗ್ಗೆ ತಟ್ಟೆಯನ್ನು ಮುಂದೆ ಸರಿಸುತ್ತ. ಅವಳು ಹಾಗೆಲ್ಲ ಹೇಳುವವಳಲ್ಲ. ಅದಕ್ಕೇ ಬಂದಿದ್ದ.

ಮುಖ ನೋಡಿದ. ದಣಿದ, ಜಗ್ಗದ ಮುಖ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ಒದ್ದೆ ಮಾಡಿಕೊಂಡು ನಿಂತಿದ್ದಳು.

"ಇದು ಅಡುಗೆಮನೆ. ನೀರು ಬೆಳಿಗ್ಗೆ ಒಂದಿಷ್ಟು ಹೊತ್ತು ಬರುತ್ತೆ. ಆಮೇಲೆ ದೇವರೇ ಗತಿ."

ಅವನು ನಲ್ಲಿ ತಿರುಗಿಸಿದ. ನೀರು ರಭಸವಾಗಿ ಬಂದು ಅಂಗಿಗೆ ಸಿಡಿಯಿತು.

"ಈಗ ಬರ್ತಿದೆ" ಎಂದಳು, ಎಳ್ಳಷ್ಟೂ ಅಳುಕದೆ.

"ಬೆಳಕು ಚೆನ್ನಾಗಿದೆ."

"ಈ ಹೊತ್ತಲ್ಲಿ. ಮಧ್ಯಾಹ್ನ ಬಂದು ನೋಡಿ, ಬೆಂದು ಹೋಗ್ತೀರಿ. ಚಳಿಗಾಲದಲ್ಲಿ ಮರಗಟ್ಟಿ ಹೋಗ್ತೀರಿ. ಮೇಲಿನ ಮನೆಯವರು ಹಗಲೂ ರಾತ್ರಿ ಏನೋ ಎಳೆದಾಡ್ತಿರ್ತಾರೆ. ಏನು ಅಂತ ಅವರಿಗೇ ಗೊತ್ತಿಲ್ಲ."

ಅವನು ತಲೆಯೆತ್ತಿದ. ಮೇಲೆ ಸದ್ದಿರಲಿಲ್ಲ. ಆಕೆಯೂ ತಲೆಯೆತ್ತಿ, ಸದ್ದು ಮಾಡದಿದ್ದಕ್ಕೆ ಮೇಲಿನವರ ಮೇಲೆ ಮುನಿಸಿಕೊಂಡು, ಮುಂದೆ ನಡೆದಳು.

"ಓನರ್ ಹೇಗೆ?" ಅವನ ದನಿ ಅವನಿಗೇ ಪೀಚಾಗಿ ಕೇಳಿಸಿತು.

"ಹೊಸಬ್ರು. ಮುಖ ನೋಡಿಲ್ಲ."

"ಕೆಟ್ಟವರಿರಲಿಕ್ಕಿಲ್ಲ."

"ಕೆಟ್ಟವರಾಗಿದ್ರೆ ಜಗಳ ಆದ್ರೂ ಆಡಬಹುದಿತ್ತು. ಇವರು ಇದಾರೋ ಇಲ್ವೋ ಅನ್ನೋದೇ ಗೊತ್ತಾಗಲ್ಲ."

ಅವನು ಗೋಡೆಗೆ ಕೈ ಊರಿದ. ತನ್ನ ಗೋಡೆ. ಊರಿದ ಕೈಗೆ ಅದು ಯಾರದೋ ಗೋಡೆಯಂತೆಯೇ ಇತ್ತು.

"ನೀವು ಈಗೆಲ್ಲಿರೋದು?" ಎಂದಳು.

"ಬಾಡಿಗೆ ಮನೇಲಿ."

ಈ ಹೊತ್ತಿನಲ್ಲಿ ಅವನಾಡಿದ ಒಂದೇ ನಿಜ. ಮೊದಲ ಮನೆ ಇರುವುದಕ್ಕಲ್ಲ, ದುಡಿಯುವುದಕ್ಕೆ ಎಂದಿದ್ದ ಕೋಟಿನವನು. ಹಾಗಾದರೆ ಇರುವುದಕ್ಕೆ ಯಾವುದು ಎಂದು ಅವನು ಕೇಳಿರಲಿಲ್ಲ.

"ನೀವು ಯಾಕೆ ಖಾಲಿ ಮಾಡ್ತಿದೀರಿ?" ಎಂದ. ಕೇಳಿದ ಮೇಲೆ ನಾಚಿಕೆಯಾಯಿತು.

"ಸ್ವಂತ ಮನೆ ಕಟ್ಟಿಸ್ತಿದೀವಿ."

"ಎಲ್ಲಿ?"

"ಆ ಕಡೆ." ಕಿಟಕಿಯತ್ತ ಕೈ ಬೀಸಿದಳು. ಆ ಕಡೆ ಇನ್ನೊಂದು ಕಟ್ಟಡದ ಬೆನ್ನು ಮಾತ್ರ ಇತ್ತು. ಅವನು ಅದನ್ನು ನೋಡಿ, ಒಳ್ಳೆಯ ಜಾಗ ಎನ್ನುವವನಂತೆ ತಲೆಯಾಡಿಸಿದ.

ಉಳಿದದ್ದು ಹಿಂದಿನ ಕೋಣೆ. ಅದರ ಬಾಗಿಲು ಮುಚ್ಚಿತ್ತು. ಆಕೆ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಇದೊಂದು ಬೇಡ. ಅತ್ತೆ ಮಲಗಿದಾರೆ. ಹುಷಾರಿಲ್ಲ."

ಒಳಗಿನಿಂದ ಕೆಮ್ಮು ಬಂತು. ಎದೆಯ ತಳದಿಂದ ಎಳೆದು ತಂದ ಕೆಮ್ಮು.

"ಗೋಡೆ ಪೂರ್ತಿ ಸೋರುತ್ತೆ" ಎಂದಳು ಆಕೆ ದನಿ ತಗ್ಗಿಸಿ. "ಅವರಿಗೆ ಕಾಯಿಲೆ ಬಂದಿದ್ದೇ ಅದರಿಂದ. ಎಷ್ಟು ಸಲ ಸುಣ್ಣ ಬಳಿದ್ರೂ ಕರ್ರಗೆ ಎದ್ದು ಬರುತ್ತೆ. ಕಟ್ಟಿದವನೇ ಕೈ ಬಿಟ್ಟ."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೋಡೆ ಸೋರುವ ಮನೆಯನ್ನು ಬಾಡಿಗೆಗೂ ಯಾರೂ ಕೇಳರು, ಕೊಳ್ಳಲೂ ಯಾರೂ ಬಾರರು. ಇನ್ನು ಕೂದಲು ನೆರೆಯುವ ತನಕ ಕಂತು ಮಾತ್ರ ತನ್ನದು. ಬ್ರೋಕರು ಟೋಪಿ ಹಾಕಿದನೇ? ಅಥವಾ ಈಕೆ ಹಾಕುತ್ತಿದ್ದಾಳೋ? ಬಾಗಿಲು ತೆರೆದರೆ ತಿಳಿಯುತ್ತಿತ್ತು. ನಾನು ಮಾಲೀಕ, ಸರೀರಿ ಎಂದರೆ ಮುಗಿಯಿತು.

"ಒಂದ್ಸಲ ಗೋಡೆ ನೋಡಿದ್ರೆ..." ಅವನ ಕೈ ಚಿಲಕದ ಕಡೆ ಹೋಯಿತು.

"ಬೇಡ ಅಂದೆನಲ್ಲ."

ಕೈ ಹಿಂದೆ ಬಂತು. ತರಗತಿಯಲ್ಲಿ ಹಿಂದಿನ ಬೆಂಚಿನವರು ಗದ್ದಲ ಮಾಡಿದಾಗಲೂ ಅವನ ಕೈ ಹೀಗೆಯೇ ಮೇಲೆದ್ದು, ಕನ್ನಡಕ ಸರಿಮಾಡಿಕೊಂಡು, ಕೆಳಗಿಳಿಯುವುದು.

ಅವನು ಬೂಟು ಹಾಕಿಕೊಳ್ಳುವಾಗ ಆಕೆ ಹತ್ತಿರ ಬಂದಳು. ಇಷ್ಟು ಹೊತ್ತಿನ ಗಟ್ಟಿ ದನಿ ಹೋಗಿತ್ತು.

"ಅಣ್ಣಾ, ನಿಮ್ಮಂಥವರಿಗೆ ಈ ಮನೆ ಆಗಿಬರಲ್ಲ. ಬೇಡ ಅಂತ ಬ್ರೋಕರಿಗೆ ಹೇಳ್ಬಿಡಿ."

"ಹೇಳ್ತೀನಿ."

"ಖಂಡಿತ?"

"ಖಂಡಿತ."

ಇಷ್ಟು ಸಲೀಸಾಗಿ ಅವನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಕೆಳಗಿಳಿಯುತ್ತಾ ಅದಕ್ಕೇ ಹೆದರಿದ.

ಬೀದಿಯಲ್ಲಿ ನಿಂತು ಅವನೇ ಬ್ರೋಕರಿಗೆ ಫೋನು ಮಾಡಿದ.

"ನೋಡಿದ್ರಾ ಸರ್? ಎಬ್ಬಿಸಿಬಿಡೋಣ್ವಾ?"

"ಹಿಂದಿನ ರೂಮು ಸೋರುತ್ತಂತಲ್ರೀ."

ಬ್ರೋಕರು ನಕ್ಕ. "ನಿಮಗೂ ಹೇಳಿದ್ಳಾ? ಹೋದ ವಾರ ಬಂದವರಿಗೆ ಗೆದ್ದಲು ಅಂದಿದ್ಳು. ಅದಕ್ಕಿಂತ ಮುಂಚೆ ಬಂದವರಿಗೆ ಇಲಿ. ಗೋಡೆ ಕಲ್ಲಿದ್ದಂಗಿದೆ ಸರ್, ನಾನೇ ಕಣ್ಣಾರೆ ನೋಡಿದೀನಿ."

"ಅವರ ಅತ್ತೆ ಒಳಗೆ ಕೆಮ್ಮುತ್ತಿದ್ರು."

"ಯಾವ ಅತ್ತೆ? ಇರೋರು ಗಂಡ ಹೆಂಡ್ತಿ ಇಬ್ರೇ. ಅವನ ಕೆಲಸ ಹೋಗಿದೆ. ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂತ ಹಗಲೆಲ್ಲ ಆ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿರ್ತಾನೆ. ಇನ್ನೆರಡು ತಿಂಗಳು ಬಿಟ್ರೆ ಇರೋ ಬಾಡಿಗೇನೂ ಬರಲ್ಲ ಸರ್. ಹೇಳಿ, ಏನು ಮಾಡ್ಲಿ?"

ಗೋಡೆ ಗಟ್ಟಿಯಿದೆ ಎಂದು ಕೇಳಿ ಅವನಿಗೆ ಮೊದಲು ಹಾಯೆನಿಸಿತು. ನಾಚಿಕೆ ಆಮೇಲೆ ಬಂತು, ಅದೂ ಅಷ್ಟು ದೊಡ್ಡದಾಗಿರಲಿಲ್ಲ.

"ಸ್ವಲ್ಪ ತಡೀರಿ. ನಾನೇ ಅವರಿಗೆ ಹೇಳ್ತೀನಿ."

"ಏನಂತ?"

ಅವನು ಫೋನು ಇಟ್ಟ. ಏನಂತ ಎನ್ನುವುದು ಮೆಟ್ಟಿಲು ಹತ್ತುವಷ್ಟರಲ್ಲಿ ತೀರ್ಮಾನವಾಗುತ್ತದೆ ಎಂದುಕೊಂಡ. ಇರಿ ಎನ್ನಬಹುದು. ಏಳಿ ಎನ್ನಬಹುದು. ಎರಡರಲ್ಲಿ ಯಾವುದಾದರೂ ಸರಿ, ಒಂದನ್ನು ಎದುರು ನಿಂತು ಹೇಳಿದರೆ ತಾನು ಮನುಷ್ಯ ಎಂದುಕೊಂಡ. ಮೆಟ್ಟಿಲುಗಳು ಮುಗಿದವು. ತೀರ್ಮಾನ ಆಗಿರಲಿಲ್ಲ.

ಬಾಗಿಲ ಹಿಂದೆ ನಗು ಕೇಳಿಸಿತು.

"ಕೆಮ್ಮು ಹೇಗಿತ್ತು?" ಗಂಡಸಿನ ದನಿ.

"ಅತಿಯಾಯ್ತು ರೀ. ಅತ್ತೆ ಹೋಗಿ ಮಾವ ಆಗಿಬಿಟ್ಟಿದ್ರಿ."

ಮತ್ತೆ ನಗು. ಹೊಟ್ಟೆ ಹಿಡಿದುಕೊಂಡು ನಗುವಾಗ ಮಾತು ತುಂಡಾಗುತ್ತದಲ್ಲ, ಹಾಗೆ.

"ಒಪ್ತಾನಾ ಈ ಆಸಾಮಿ?"

"ಇಲ್ಲ ಬಿಡ್ರೀ. ಪಾಪದ ಮನುಷ್ಯ, ಮುಖ ಬಿಳಿಚಿಕೊಂಡು ಹೋದ. ಬೇಡ ಅಂತಾನೆ."

"ಹಾಗಾದ್ರೆ ಸದ್ಯಕ್ಕೆ ಉಳ್ಕೊಂಡ್ವಿ."

ಆಮೇಲೆ ನಗು ನಿಂತಿತು. ಆಕೆ ಮೂಗು ಎಳೆದುಕೊಂಡದ್ದು ಕೇಳಿಸಿತು. "ಅಳ್ಬೇಡ್ವೇ, ಈಗ ತಾನೆ ನಗ್ತಿದ್ದೆ" ಎಂದ ಗಂಡ.

ಅವನಿಗೆ ಹೊಟ್ಟೆಕಿಚ್ಚಾಯಿತು. ನಿಜವಾಗಿ, ಸುಡುವ ಹಾಗೆ. ತಾನೂ ಹೆಂಡತಿಯೂ ಹೀಗೆ ಒಟ್ಟಿಗೆ ಯಾರಿಗಾದರೂ ಮೋಸ ಮಾಡಿ ನಕ್ಕದ್ದಿಲ್ಲ. ಅತ್ತದ್ದೂ ಇಲ್ಲ. ಕೊಂಡದ್ದರಲ್ಲಿ ಇದು ಸೇರಿರಲಿಲ್ಲ.

ಗಂಟೆ ಒತ್ತಿದ.

ಒಳಗೆ ಎಲ್ಲ ತಟ್ಟನೆ ನಿಂತುಹೋಯಿತು. ಎಲ್ಲೋ ಒಂದು ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಹೆಜ್ಜೆಗಳು ಇತ್ತ ಬಂದು, ಆಚೆ ಬದಿಯಲ್ಲಿ ನಿಂತವು.

"ಯಾರು?"

"ನಾನು."

"ನಾನು ಅಂದ್ರೆ?"

ಮಾಲೀಕ ಎಂದರೆ ಈ ಬಾಗಿಲು ಇದೊಂದು ಸಲ ತೆರೆಯುತ್ತದೆ, ಮತ್ತೆಂದೂ ತೆರೆಯುವುದಿಲ್ಲ. ಈಗ ತಾನೆ ಮನೆ ನೋಡಲು ಬಂದಿದ್ದೆನಲ್ಲ, ಅವನು ಎಂದರೆ ಸುಳ್ಳು. ಜೇಬಿನಲ್ಲಿ ಫೋನು ಗುರುಗುಟ್ಟತೊಡಗಿತು.

"ಯಾರದು? ಹೇಳ್ರೀ."

ಬಾಗಿಲಿನ ನಡುವೆ, ಒಳಗಿನವರು ಹೊರಗೆ ಇಣುಕಲೆಂದು ಕೂರಿಸಿದ್ದ ಪುಟ್ಟ ಗಾಜೊಂದಿತ್ತು. ಅವನು ಬಗ್ಗಿ, ಕನ್ನಡಕ ತೆಗೆದು, ಅದಕ್ಕೆ ಕಣ್ಣು ಹಚ್ಚಿದ. ಈ ಬದಿಯಿಂದ ಮನೆ ಕಾಣಲಿಲ್ಲ. ತುಂಬ ದೂರದಲ್ಲಿ ಬೆಳಕಿನ ಒಂದು ಚುಕ್ಕೆ ಕಂಡಿತು. ಆಮೇಲೆ ಒಳಗಿನಿಂದ ಯಾರೋ ಅದರ ಮೇಲೆ ಬೆರಳು ಒತ್ತಿ ಹಿಡಿದರು.