ಒದ್ದೆ ಗಂಟು

ಆಪರೇಷನ್ನಿನ ಸಾಮಾನು ಕಟ್ಟಿದ ಗಂಟು ಒದ್ದೆಯಾಗಿತ್ತು. ಮೇಲ್ನೋಟಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಕಾವು ತಗುಲಿದ ಗುರುತಾಗಿ ಮೇಲಿನ ಅಂಟುಪಟ್ಟಿಯ ಗೆರೆಗಳು ಕಪ್ಪಾಗಿದ್ದವು, ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್ ಯಂತ್ರ ಕೂಡ ಕೆಲಸ ಮುಗಿಯಿತೆಂದು ಕೂಗಿಕೊಂಡಿತ್ತು. ಆದರೆ ಬಿಸಿ ಆರಿದ ಮೇಲೆ ಅಡಿಗೆ ಕೈ ಕೊಟ್ಟು ಎತ್ತಿದರೆ ಬಟ್ಟೆ ತಣ್ಣಗೆ ಬೆರಳಿಗೆ ಅಂಟಿತು.

ಒದ್ದೆ ಬಟ್ಟೆಯ ಮೂಲಕ ಹೊರಗಿನ ರೋಗಾಣು ಸಲೀಸಾಗಿ ಕತ್ತರಿ, ಇಕ್ಕಳಗಳಿಗೆ ಇಳಿಯುತ್ತದೆಂದು ಹನ್ನೊಂದು ವರ್ಷದಿಂದ ಆಸ್ಪತ್ರೆಯ ಈ ಕೋಣೆಗೆ ಕೆಲಸಕ್ಕೆ ಬರುವ ಹೊಸಬರಿಗೆಲ್ಲ ಹೇಳಿಕೊಡುತ್ತ ಬಂದವಳು ಅವಳೇ. ಯಂತ್ರದ ಬಾಗಿಲಿನ ರಬ್ಬರ್ ಸವೆದು ಗಂಟುಗಳು ಒದ್ದೆಯಾಗಿ ಬರುತ್ತಿವೆಯೆಂದು ಏಳು ಸಲ ಬರೆದುಕೊಟ್ಟಿದ್ದಳು. ಪ್ರತಿ ಸಲವೂ ರಿಪೇರಿಯವನು ಬಂದು, ಹೆಬ್ಬೆರಳಿನಿಂದ ಒತ್ತಿ ನೋಡಿ, ಇನ್ನೂ ಆರು ತಿಂಗಳಿಗೆ ಮೋಸವಿಲ್ಲ ಎಂದು ಹೋಗುತ್ತಿದ್ದ. ಅವನ ಒಂದು ಹೆಬ್ಬೆರಳಿಗಿರುವ ಬೆಲೆ ತನ್ನ ಏಳು ಕಾಗದಗಳಿಗಿಲ್ಲವಲ್ಲ ಎಂದು ಮೈ ಉರಿಯಿತು.

ಬೇರೆ ದಿನವಾಗಿದ್ದರೆ ಯೋಚಿಸುವುದೇ ಬೇಕಿರಲಿಲ್ಲ. ಇವತ್ತು ಮಹಡಿಯ ಮೇಲೆ ಈ ಗಂಟಿಗಾಗಿ ಕಾಯುತ್ತಿದ್ದವರು ಅವಳ ಅತ್ತೆ. ಪಿತ್ತಕೋಶದ ಕಲ್ಲು, ಮೂರು ವಾರ ಕಾದ ಮೇಲೆ ಸಿಕ್ಕ ಆಪರೇಷನ್ನಿನ ದಿನ. ಬೆಳಗಿನಿಂದ ಹನಿ ನೀರೂ ಕುಡಿದಿರಲಿಲ್ಲ. ಸರ್ಜನ್ ವಾರಕ್ಕೊಮ್ಮೆ ಬರುವವರು, ಎರಡು ಗಂಟೆಗೆ ಹೊರಟೇಬಿಡುತ್ತಾರೆ. ಗಂಟಿನಲ್ಲಿದ್ದ ಆ ಸಾಮಾನಿನ ಸೆಟ್ ಇಡೀ ಆಸ್ಪತ್ರೆಗೆ ಒಂದೇ. ಮತ್ತೆ ಯಂತ್ರಕ್ಕೆ ಹಾಕಿ ತೆಗೆದು ಆರಿಸುವಷ್ಟರಲ್ಲಿ ಎರಡೂವರೆ ದಾಟುತ್ತದೆ.

ಆಪರೇಷನ್ ಥಿಯೇಟರಿನ ಸಿಸ್ಟರ್ ಎರಡನೇ ಸಲ ಫೋನ್ ಮಾಡಿದರು.

"ಸ್ವಲ್ಪ ಒದ್ದೆ ತಾನೆ? ಫ್ಯಾನಿಗೆ ಹಿಡಿದು ಕಳಿಸಿ. ನಿಮ್ಮ ಅತ್ತೆಯವರದೇ ಕೆಲಸ, ನಾನು ಹೇಳ್ಬೇಕಾ?"

ಫೋನ್ ಇಟ್ಟು ಅವಳು ಗಂಟಿನ ಕಡೆ ತಿರುಗಿದಳು. ಅತ್ತೆ ಕಂಡಕಂಡವರಿಗೆಲ್ಲ ಸೊಸೆ ಆಸ್ಪತ್ರೆಯಲ್ಲಿ ಪಾತ್ರೆ ತೊಳೆಯುತ್ತಾಳೆ ಎಂದೇ ಹೇಳುವವರು. ಮನೆಯಲ್ಲಿ ಅವಳು ತೊಳೆದ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಒಂದು ಗುಟುಕು ಕುಡಿದವರಲ್ಲ. ಆದರೂ ಹೊಟ್ಟೆ ಹಿಡಿದುಕೊಂಡು ನರಳುವಾಗ ಅವರು ಕೂಗುತ್ತಿದ್ದುದು ಮಗನನ್ನಲ್ಲ, ಇವಳನ್ನೇ.

ಮನಸ್ಸು ಬದಲಾಗುವ ಮೊದಲೇ ಪಟ್ಟಿಯನ್ನು ಪರ್ರನೆ ಹರಿದು ಗಂಟು ಬಿಚ್ಚಿಹಾಕಿದಳು. ಬಿಚ್ಚಿದ್ದನ್ನು ಮತ್ತೆ ಯಂತ್ರಕ್ಕೆ ಹಾಕದೆ ಬಳಸುವಂತಿಲ್ಲ, ಇನ್ನು ಯಾರೂ ಅದನ್ನು ಕೇಳುವಂತಿರಲಿಲ್ಲ.

ಮೂರು ಗಂಟೆಗೆ ವಾರ್ಡಿಗೆ ಹೋದಾಗ ಗಂಡ ಮುಖ ಊದಿಸಿಕೊಂಡು ಹೊರಗೆ ನಿಂತಿದ್ದ. ಆಸ್ಪತ್ರೆಯ ಒಳಗಿನವಳೇ ಇದ್ದೂ ಏನು ಬಂತು ಎಂದು ಗೊಣಗಿದ. ಅವಳು ಅವನನ್ನು ದಾಟಿ ನೇರ ಮಂಚದ ಹತ್ತಿರ ಹೋದಳು.

"ಆಪರೇಷನ್ ತಪ್ಪಿಸಿದ್ದು ನಾನೇ ಅತ್ತೆ. ಸಾಮಾನು ಕಟ್ಟಿದ ಬಟ್ಟೆ ಒದ್ದೆಯಾಗಿತ್ತು. ಹಾಗೇ ಕೊಟ್ಟಿದ್ರೆ ಒಳಗೆ ಕೀವಾಗ್ತಿತ್ತೇನೋ."

ಅತ್ತೆ ಹೊಟ್ಟೆ ಹಿಡಿದುಕೊಂಡೇ ಅವಳತ್ತ ಹೊರಳಿದರು.

"ಇನ್ನೊಂದು ವಾರ ಈ ನೋವು ಯಾರು ತಿನ್ಬೇಕು?"

ಅವಳು ಪಕ್ಕದಲ್ಲಿದ್ದ ಗಾಜಿನ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ತುಟಿ ಒಣಗಿ ಬಿರಿದಿದ್ದರೂ ಅತ್ತೆ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ, ತಿರುಗಿಸಿ ನೋಡಿದರು.

"ಅಂಚು ಸರಿಯಾಗಿಲ್ಲ. ತೊಳ್ಕೊಂಡು ಬಾ."

ಅವಳು ನಲ್ಲಿಯ ಕೆಳಗೆ ಲೋಟದ ಅಂಚನ್ನು ಉಜ್ಜಿದಳು, ಮತ್ತೊಮ್ಮೆ ಉಜ್ಜಿದಳು. ತಿರುಗಿ ನೋಡಿದರೆ ಅತ್ತೆ ಖಾಲಿ ಕೈಯನ್ನು ಹಾಗೇ ಚಾಚಿಕೊಂಡು ಕಾಯುತ್ತಿದ್ದರು.