ಮೂರು ಪಟ್ಟು ಅಂತರ

ಚಾಂದಬಿ ಮಗಳು ಶಹನಾಜಳ ತೋಳು ಹಿಡಿದು ಶಾಲೆಯ ಒಳಗಿನ ಕೋಣೆಯಿಂದ ಎಬ್ಬಿಸಿಕೊಂಡು ಬಂದಳು. ಪಡಸಾಲೆಯ ಚಾಪೆಯ ಮೇಲಿದ್ದ ಹುಡುಗಿಯರನ್ನು ಅತ್ತಿತ್ತ ಸರಿಸಿ ನಡುವೆ ಕೂರಿಸಿದಳು. ತಾನು ಹೇಳುವ ತನಕ ಏಳಬೇಡ ಎಂದು ಉರ್ದುವಿನಲ್ಲಿ ತಾಕೀತು ಮಾಡಿದಳು. ಶಹನಾಜ ತಲೆ ತಗ್ಗಿಸಿದಳು. ಉಳಿದ ಹುಡುಗಿಯರು ಕೈಯಲ್ಲಿದ್ದ ಚಿತ್ರದ ರಟ್ಟುಗಳನ್ನು ಹಿಡಿದುಕೊಂಡೇ ತಮ್ಮ ಅಕ್ಕೋರಾದ ನೀಲಕ್ಕನ ಮುಖ ನೋಡಿದರು.

"ಚಾಂದಬಿ, ಹಂಗ ಮಾಡಾಕ ಬರೂದಿಲ್ಲ" ಎಂದಳು ನೀಲಕ್ಕ.

"ಯಾಕ ಬರೂದಿಲ್ರಿ ಅಕ್ಕೋರ? ನೀರಿಗೆ ಹೋಗೂ ಮುಂದ ದಿನಾ ನಿಂತು ಕೇಳ್ತೀನಿ. ಹೊರಗ ಕುಂತವರು ಓದಾಕತ್ತಾರ. ಒಳಗ ಕುಂತವರು ಬರೇ ಒದರಾಕತ್ತಾರ."

ಅದು ಸುಳ್ಳಾಗಿರಲಿಲ್ಲ. ಆ ವರ್ಷ, ಅಂದರೆ ಸಾವಿರದ ಒಂಬೈನೂರ ನಲವತ್ತರ ಜೂನ್‌ನಲ್ಲಿ, ಧಾರವಾಡದ ಟ್ರೇನಿಂಗ್ ಕಾಲೇಜೊಂದರಲ್ಲಿ ಕಲಿಸುತ್ತಿದ್ದ ಶಿವಲಿಂಗಪ್ಪ ಹಳಿಯಾಳದ ಈ ಹೆಣ್ಣುಮಕ್ಕಳ ಶಾಲೆಗೆ ಬಂದಿದ್ದರು. ಓದು ಕಲಿಸುವ ಹೊಸ ಪದ್ಧತಿಯೊಂದನ್ನು ಅವರು ಇಲ್ಲಿಯೂ ಮುಂಡಗೋಡದ ಒಂದು ಶಾಲೆಯಲ್ಲಿಯೂ ಪರೀಕ್ಷಿಸುತ್ತಿದ್ದರು. ಎರಡನೆಯ ಇಯತ್ತೆಯ ಹುಡುಗಿಯರ ಹೆಸರು ಬರೆದು, ಚೀಟಿ ಎತ್ತಿ, ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಚಿತ್ರ ಮತ್ತು ಶಬ್ದ ಇರುವ ರಟ್ಟುಗಳು; ಇನ್ನೊಂದಕ್ಕೆ ಮೊದಲಿನ ಹಾಗೆ ಕಾಗುಣಿತ. ಎರಡಕ್ಕೂ ನೀಲಕ್ಕನೇ ಕಲಿಸಬೇಕು, ಸಮಸಮ ಹೊತ್ತು ಕೊಡಬೇಕು, ಒಂದರದ್ದು ಇನ್ನೊಂದಕ್ಕೆ ಹೋಗಬಾರದು. ಗಂಡ ತೀರಿಕೊಂಡ ಮೇಲೆ ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿದ್ದ ನೀಲಕ್ಕನಿಗೆ ಶಿವಲಿಂಗಪ್ಪನವರೇ ಗುರುಗಳು. ಅವರು ತನ್ನ ಶಾಲೆಯನ್ನು ಆರಿಸಿದ್ದು ಅವಳಿಗೆ ಹೆಮ್ಮೆಯಾಗಿತ್ತು.

"ಚೀಟಿ ಎತ್ತಿದಾಗ ನಿಮ್ಮ ಮಗಳ ಹೆಸರು ಒಳಗಿನ ಗುಂಪಿಗೆ ಬಂತು" ಎಂದು ವಿವರಿಸಿದಳು. "ಯಾರ ತಪ್ಪೂ ಅಲ್ಲ. ಎರಡೂ ಗುಂಪು ಬ್ಯಾರೆ ಇದ್ರನ ಯಾವ ಪದ್ಧತಿ ಛಲೋ ಅಂತ ಗೊತ್ತಾಗೂದು."

"ಅಂದ್ರ ನನ್ನ ಮಗಳು ಹಿಂದ ಉಳದ್ರನ ನಿಮ್ಮ ಲೆಕ್ಕ ಸರಿ ಆಗೂದು."

ಚಾಂದಬಿ ಮಗಳ ತಲೆಯ ಮೇಲೆ ಕೈಯಿಟ್ಟಳು.

"ಇವರಪ್ಪ ದಾಂಡೇಲಿ ಅಡವಿಯಿಂದ ಕಟಗಿ ಗಾಡಿ ಹೊಡ್ಕೊಂಡು ಬಂದಾಗೊಮ್ಮೆ ಕೇಳ್ತಾರ, ಓದು ಬಂತೇನು ಅಂತ. ಹೋದ ವರ್ಷ ನಪಾಸಾದ್ಲು. ಈ ವರ್ಷನೂ ಆದ್ರ ಸಾಲಿ ಬಿಡಸ್ತಾರ. ಆಮ್ಯಾಲೆ ಆಕಿ ಹೆಸರಿಂದ ಇನ್ನೊಂದು ಚೀಟಿ ಎತ್ತಾಕ ಯಾರು ಬರ್ತಾರ್ರಿ?"

ಚಾಂದಬಿ ಕೊಡ ಎತ್ತಿಕೊಂಡು ಹೋದಳು. ಶಹನಾಜ ಅಲ್ಲೇ ಕೂತಿದ್ದಳು, ರಟ್ಟು ಮುಟ್ಟದೆ. ಮನೆಯಲ್ಲಿ ಉರ್ದು ಆಡುವ ಹುಡುಗಿ ಅವಳು. ಕಾ ಕಿ ಕೀ ಎಂದು ಎಲ್ಲರಿಗಿಂತ ಜೋರಾಗಿ ಒದರುತ್ತಿದ್ದಳು, ಆದರೆ ಆ ದನಿಗಳು ಕೂಡಿ ಒಂದು ಮಾತಾಗುತ್ತವೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ನೀಲಕ್ಕನಿಗೆ ಇದು ಮಳೆಗಾಲದಲ್ಲೇ ಗೊತ್ತಾಗಿತ್ತು. ಗೊತ್ತಾಗಿಯೂ ಅವಳು ಏನೂ ಮಾಡದೆ ದೀಪಾವಳಿ ಕಳೆದಿತ್ತು.

ಮಧ್ಯಾಹ್ನ ಊಟ ಮುಗಿಸಿ ಬಂದವಳೇ ಒಳಗಿನ ಹುಡುಗಿಯರನ್ನೆಲ್ಲ ಪಡಸಾಲೆಗೆ ಕರೆದಳು.

"ಎಲ್ಲಾರೂ ಸರದು ಕುಂದರ್ರಿ. ಜಾಗಾ ಆಗತೈತಿ."

ಮುಂದಿನ ವಾರ ಶಿವಲಿಂಗಪ್ಪನವರು ಧಾರವಾಡದ ಬಸ್ಸಿಳಿದು ನೇರ ಶಾಲೆಗೆ ಬಂದರು. ದೀಪಾವಳಿಯ ಮೊದಲು ತಾವೇ ಮಾಡಿದ ಪರೀಕ್ಷೆಯ ಅಂಕಗಳನ್ನು ಕೂಡಿಸಿ ಭಾಗಿಸಿ ತಂದಿದ್ದರು. ಹಸನ್ಮುಖರಾಗಿಯೇ ಮೆಟ್ಟಿಲು ಹತ್ತಿದರು. ಒಂದೇ ಚಾಪೆಯ ಮೇಲೆ ಒತ್ತೊತ್ತಾಗಿ ಕೂತ ಹುಡುಗಿಯರನ್ನು ಕಂಡು ಅಲ್ಲೇ ನಿಂತರು.

"ಇದೇನ್ರಿ ನೀಲಕ್ಕ?"

"ಎಲ್ಲಾರಿಗೂ ರಟ್ಟು ಕೊಟ್ಟೀನ್ರಿ ಸರ."

ಅವರು ಕುರ್ಚಿಯ ಮೇಲೆ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು. ಸಿಟ್ಟಿನ ಮನುಷ್ಯರಲ್ಲ. ಕಾಗದ ಬಿಚ್ಚಿ ಅವಳ ಕಡೆ ತಿರುಗಿಸಿದರು.

"ನೋಡ್ರಿ ಇಲ್ಲೆ. ಮೊದಲು ಎರಡೂ ಪದ್ಧತಿಗೆ ಏನೂ ಫರಕ ಇಲ್ಲ ಅಂತನ ಹಿಡೀಬೇಕು. ಬರೇ ಚೀಟಿ ಬಿದ್ದ ಆಕಸ್ಮಿಕದಿಂದ ಎಷ್ಟು ಅಂತರ ಬರಬಹುದೋ, ಅದರ ಮೂರು ಪಟ್ಟು ಅಂತರ ಸಿಕ್ರ ಆಗ ಫರಕ ಐತಿ ಅಂತ ಒಪ್ಪತಾರ. ಎರಡೂ ಸಾಲಿದು ಕೂಡಿಸಿದ್ರ ಎರಡೂವರಿ ಪಟ್ಟು ಬಂದೈತಿ. ಫೆಬ್ರುವರಿತನಕ ನಡದಿದ್ರ ಮೂರು ದಾಟತಿತ್ತು."

"ಎರಡೂವರಿ ಸಾಲೂದಿಲ್ಲೇನ್ರಿ?"

"ಶಾಣ್ಯಾ ಹುಡುಗ್ಯಾರು ಅಕಸ್ಮಾತ್ ಒಂದ ಕಡೆ ಬಿದ್ದಿರಬೇಕು ಅಂತಾರ. ಇನ್ನೂ ಹೊತ್ತು ಮೀರಿಲ್ಲ. ಇವತ್ತಿಂದ ಮತ್ತ ಬ್ಯಾರೆ ಕುಂದರಸ್ರಿ. ಈ ವಾರದ್ದು ನಾ ಲೆಕ್ಕಕ್ಕ ಹಿಡಿಯೂದಿಲ್ಲ."

"ಕುಂದರಸೂದಿಲ್ರಿ."

ಹುಡುಗಿಯರ ಓದು ನಿಂತಿತು. ನೀಲಕ್ಕ ಅವರತ್ತ ತಿರುಗಿ ಓದಿರಿ ಎಂದು ಸನ್ನೆ ಮಾಡಿದಳು.

ಶಿವಲಿಂಗಪ್ಪನವರು ದನಿ ತಗ್ಗಿಸಿದರು. "ಇದು ಸಿದ್ಧ ಆದ್ರ ಜಿಲ್ಲಾದ ಎಲ್ಲಾ ಸಾಲಿಗೂ ರಟ್ಟು ಅಚ್ಚು ಹಾಕಸ್ತಾರ. ನೀವು ಎಂದೂ ನೋಡದ ಊರಿನ ಹುಡುಗ್ರು ಓದು ಕಲೀತಾರ. ಅವರ ಸಲುವಾಗಿ ಒಂದಿಷ್ಟು ತಡೀರಿ ಅಂತೀನಿ. ಕಣ್ಣ ಮುಂದಿನ ಹುಡುಗಿ ಅಷ್ಟ ಹುಡುಗಿ ಏನು?"

ಆ ಮಾತು ನಾಟಿತು. ಅವರು ತಮಗಾಗಿ ಕೇಳುತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪಡಸಾಲೆಯ ಕಂಬ ಹಿಡಿದು ನಿಂತಳು.

"ನಿಮ್ಮ ಮಾತು ಖರೇ ಐತ್ರಿ ಸರ. ಆದ್ರ ಇವರನ್ನ ನನ್ನ ಕೈಯಾಗ ಕೊಟ್ಟಾರ. ಗೊತ್ತಿದ್ದೂ ಗೊತ್ತಿದ್ದೂ ಒಳಗ ಕುಂದರಿಸಿ ಒದರಸೂದು ನನ್ನಿಂದ ಆಗೂದಿಲ್ಲ."

"ಗೊತ್ತಿಲ್ಲ ನಿಮಗ. ಅದನ್ನ ನಾ ಹೇಳಾಕತ್ತಿದ್ದು. ಇನ್ನ ಈ ಹುಡುಗ್ಯಾರು ಓದಿದ್ರೂ ರಟ್ಟಿನಿಂದ ಓದಿದ್ರೋ, ತಾವಾಗೇ ಓದಿದ್ರೋ, ಯಾರಿಗೂ ಹೇಳಾಕ ಬರೂದಿಲ್ಲ."

"ಹೇಳಾಕ ಬರದಿದ್ರ ಇರ್ಲಿ. ಓದಲಿ."

ಅವರು ಕಾಗದ ಮಡಚಿದರು. "ನಾ ಮ್ಯಾಲೆ ಬರೀಬೇಕಾಗತೈತಿ, ನೀಲಕ್ಕ."

"ಬರೀರಿ. ತಿಳೀಲಾರದ ಮಾಡಿದ್ಲು ಅಂತ ಮಾತ್ರ ಬರೀಬ್ಯಾಡ್ರಿ. ತಿಳದ ಮಾಡಿದ್ಲು ಅಂತ ಬರೀರಿ."

ರಟ್ಟುಗಳು ಕಾಲೇಜಿನವು. ಅವನ್ನೆಲ್ಲ ಕಟ್ಟಿಕೊಂಡು ಸಂಜೆಯ ಬಸ್ಸಿಗೆ ಶಿವಲಿಂಗಪ್ಪನವರು ಹೊರಟುಹೋದರು. ಮರುದಿನ ನೀಲಕ್ಕ ಪೇಟೆಯ ಬಟ್ಟೆ ಅಂಗಡಿಯಲ್ಲಿ ಖಾಲಿ ರಟ್ಟಿನ ಡಬ್ಬಿಗಳನ್ನು ಬೇಡಿ ತಂದಳು. ಕತ್ತರಿಸಿ ಒಂದೊಂದು ತುಂಡು ಹುಡುಗಿಯರ ಕೈಗೆ ಕೊಟ್ಟಳು. ಚಿತ್ರ ಅವರೇ ಬರೆದರು. ಶಹನಾಜ ಬರೆದ ಎತ್ತಿಗೆ ಮೇಕೆಯ ಗಡ್ಡ ಬಂದಿತ್ತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಎತ್ತು ಎಂದು ಅದರ ಕೆಳಗೆ ಒತ್ತಿ ಬರೆದಳು.

ವಾರ್ಷಿಕ ಪರೀಕ್ಷೆಯಲ್ಲಿ ಶಹನಾಜ ಪಾಸಾದಳು, ಕಷ್ಟಪಟ್ಟು. ಮೊದಲಿನಿಂದಲೂ ರಟ್ಟಿನ ಗುಂಪಿನಲ್ಲೇ ಇದ್ದ ಶಂಕ್ರವ್ವ ನಪಾಸಾದಳು. ನೀಲಕ್ಕ ಇದನ್ನು ಯಾವ ಲೆಕ್ಕಕ್ಕೂ ಹಚ್ಚಲಿಲ್ಲ. ಶಂಕ್ರವ್ವನ ಮನೆಗೆ ಹೋಗಿ, ಅವಳ ಅವ್ವನ ಜತೆ ಮಾತಾಡಿ, ಬಿಡಿಸಬೇಡಿರಿ ಎಂದು ಹೇಳಿ ಬಂದಳು. ಅದೇ ವಾರ ಚಾಂದಬಿಯ ಗಂಡ ಸುಭಾನಿ ಶಾಲೆಯ ಬಾಗಿಲಿಗೆ ಗಾಡಿ ನಿಲ್ಲಿಸಿ, ಮೂರನೆಯ ಇಯತ್ತೆಗೆ ಯಾವ ಪುಸ್ತಕ ತರಬೇಕೆಂದು ಕೇಳಿದ.

ಮೇ ತಿಂಗಳಲ್ಲಿ ನೀಲಕ್ಕನಿಗೆ ಸೂಪಾಕ್ಕೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೊರಡುವ ದಿನ ಹಳಿಯಾಳದ ಬಸ್ ನಿಲ್ದಾಣದಲ್ಲಿ ಶಿವಲಿಂಗಪ್ಪನವರು ಸಿಕ್ಕರು. ಮುಂಡಗೋಡದ ಶಾಲೆಯಲ್ಲಿ ಪ್ರಯೋಗ ಕೊನೆಯವರೆಗೂ ನಡೆದಿತ್ತು, ಆದರೆ ಅದೊಂದೇ ಶಾಲೆಯ ಅಂಕಗಳಿಂದ ಅಂತರ ಮೂರು ಪಟ್ಟು ಮುಟ್ಟಿರಲಿಲ್ಲ. ರಟ್ಟುಗಳನ್ನು ಅಚ್ಚು ಹಾಕಿಸುವ ಮಾತು ಅಲ್ಲಿಗೆ ನಿಂತಿತ್ತು.

"ಹಳಿಯಾಳದ್ದು ಸೇರಿದ್ರ ಬರತಿತ್ತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

ಟ್ರಂಕನ್ನು ಬಸ್ಸಿನ ಮೇಲೆ ಏರಿಸುತ್ತಿದ್ದರು. ನೀಲಕ್ಕ ಅದು ಮೇಲೆ ಹೋಗುವ ತನಕ ನೋಡಿದಳು.

"ಕೆಟ್ಟ ಅನ್ನಸ್ತೈತ್ರಿ ಸರ. ಭಾಳ ಕೆಟ್ಟ ಅನ್ನಸ್ತೈತಿ. ಆದ್ರ ನಾಳೆ ಅದ ಚಾಪಿ, ಅದ ಹುಡುಗ್ಯಾರು ಬಂದ್ರ ನಾ ಮತ್ತ ಹಂಗ ಮಾಡ್ತೀನಿ."

ಅವರು ತಲೆಯಾಡಿಸಿದರು. ಒಪ್ಪಿದ್ದೋ ಅಲ್ಲವೋ ತಿಳಿಯಲಿಲ್ಲ. ಬಸ್ಸು ಬಿಡುವಾಗ ಕೈ ಮುಗಿದರು.

ಸೂಪಾದ ಮಕ್ಕಳು ಕೊಂಕಣಿ ಆಡುವವರು. ಮೊದಲ ದಿನ ನೀಲಕ್ಕ ಹೆಸರು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿಯ ಕಟ್ಟೆಯ ಮೇಲೆ ಕಾಗೆಯೊಂದು ಬಂದು ಕೂತಿತು. ಅವಳು ಅದರತ್ತ ಬೆರಳು ತೋರಿಸಿ, ಏನು ಎಂಬಂತೆ ಹುಬ್ಬು ಏರಿಸಿದಳು.

"ಕಾವ್ಳೊ" ಎಂದಳು ಮುಂದಿನ ಸಾಲಿನ ಹುಡುಗಿ.

"ಕಾವಲೊ" ಎಂದಳು ನೀಲಕ್ಕ.

ಹುಡುಗಿ ತಲೆ ಅಲ್ಲಾಡಿಸಿದಳು. ನಾಲಿಗೆ ಮಡಿಸಿ ತೋರಿಸಿ, ಬಿಗಿಯಾಗಿ, ಇನ್ನೊಮ್ಮೆ ಹೇಳಿದಳು. ನೀಲಕ್ಕ ಅವಳ ಬಾಯಿ ನೋಡಿ ಹಾಗೇ ಅಂದಳು. ಆಮೇಲೆ ಕರಿಹಲಗೆಗೆ ತಿರುಗಿ, ಕಾಗೆಗೂ ಕಾವ್ಳೊಗೂ ಮೊದಲಲ್ಲಿರುವ ಕಾ ಎಂದು ದೊಡ್ಡದಾಗಿ ಬರೆದು, ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಲ್ಲಿಸಿದಳು. ಬೆನ್ನ ಹಿಂದೆ ಹುಡುಗಿ ಎದ್ದು ನಿಂತು ಮುಂದಿನ ಅಕ್ಷರಕ್ಕಾಗಿ ಕಾಯುತ್ತಿದ್ದಳು.